ಹತ್ತಕ್ಕೆ ನಾಲ್ಕು

ಮಾರ್ಚ್ ೧೪, ಗುರುವಾರ
ಮೂಳೆ ಆಸ್ಪತ್ರೆಯ ಹೊರಗಿನ ಬೆಂಚು. ಅಮ್ಮ ಪಕ್ಕದಲ್ಲೇ ಗೋಡೆಗೆ ಒರಗಿ ನಿಂತಿದ್ದಾಳೆ, ಅವಳಿಗೆ ಕೂರಲಾಗುವುದಿಲ್ಲ. ಮಾತ್ರೆ ಸಿಕ್ಕಿಲ್ಲ.

ಪ್ರೀತಿಯ ಅಕ್ಕ,

ನಿನಗೆ ಕಾಗದ ಬರೆದು ಯಾವ ಕಾಲವಾಯಿತೋ. ಫೋನಿನಲ್ಲಾದರೆ ನಾವಿಬ್ಬರೂ ಮೂರನೇ ಮಾತಿಗೆ ಜಗಳಕ್ಕೆ ಬೀಳುತ್ತೇವೆ, ನಾಲ್ಕನೆಯದಕ್ಕೆ ನೀನು ಇಟ್ಟುಬಿಡುತ್ತೀಯ. ಕಾಗದದಲ್ಲಿ ಕೊನೆಯವರೆಗೂ ಹೇಳಬಹುದು. ನಡುವೆ ಬಾಯಿ ಹಾಕಬೇಕೆನಿಸಿದರೆ ಹಾಕು, ನನಗೆ ಕೇಳಿಸುವುದಿಲ್ಲ.

ಇವತ್ತು ಮೂಳೆ ಡಾಕ್ಟರು ಕೊನೆಗೂ ಚೀಟಿ ಬರೆದುಕೊಟ್ಟರು. ಅವರಿಗೆ ಅಮ್ಮ ‘ಗಡಿಬಿಡಿ’ ಎಂದು ಹೆಸರಿಟ್ಟಿದ್ದಾಳೆ. ನಾವು ಒಳಗೆ ಹೋಗುವಾಗಲೇ ಅವರ ಕಣ್ಣು ನಮ್ಮ ಹಿಂದಿನವರ ಮೇಲಿರುತ್ತದೆ. ಆಪರೇಷನ್ ಮಾಡಿದವರು ಅವರೇ ಆದರೂ ನೋವಿನ ಮಾತ್ರೆ ಎಂದರೆ ಹಿಂದೆ ಸರಿಯುತ್ತಾರೆ. “ಆ ದೊಡ್ಡ ಮಾತ್ರೆ ಶುರು ಮಾಡಿದವರೇ ಬರೀಬೇಕಮ್ಮ. ನೋವು ಹತ್ತಕ್ಕೆ ನಾಲ್ಕು ಅಂತಿದ್ದಾರಲ್ಲ, ನಾಲ್ಕಕ್ಕೆ ಮಾಮೂಲಿ ಮಾತ್ರೆ ಸಾಕು” ಎನ್ನುವುದು ಅವರ ಪಲ್ಲವಿ. ಮಾಮೂಲಿ ಮಾತ್ರೆ ಕೊಟ್ಟರೆ ಇರುವ ಅಷ್ಟಿಷ್ಟು ಕಿಡ್ನಿಯೂ ಹೋಗುತ್ತದೆ ಎಂದು ಕಿಡ್ನಿ ಡಾಕ್ಟರು ಬೆರಳೆತ್ತಿ ಹೇಳಿದ್ದಾರೆ. ಅವರಿಗೆ ಅಮ್ಮ ಇಟ್ಟ ಹೆಸರು ‘ಉಪ್ಪು ಬೇಡ’. ಹಾಗಾದರೆ ದೊಡ್ಡ ಮಾತ್ರೆಯನ್ನು ನೀವೇ ಬರೆದುಕೊಡಿ ಸಾರ್ ಎಂದು ಕೇಳಿದೆ. “ನಾನು ಬೇಡ ಅನ್ನೋದನ್ನ ಹೇಳಬಲ್ಲೆ, ಬೇಕು ಅನ್ನೋದನ್ನಲ್ಲ. ನೋವು ನನ್ನ ಇಲಾಖೆ ಅಲ್ಲ” ಎಂದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರಲ್ಲ, ಇಲ್ಲಿ ಜಗಳವೂ ಇಲ್ಲ. ಇಬ್ಬರೂ ಒಬ್ಬರ ಬಗ್ಗೆ ಒಬ್ಬರು ಬಹಳ ಗೌರವದಿಂದ ಮಾತನಾಡುತ್ತಾರೆ. ಕೂಸು ಮಾತ್ರ ಗೋಡೆ ಹಿಡಿದು ನಿಂತಿದೆ.

ಇವತ್ತು ನಾನು ಗಡಿಬಿಡಿಯವರ ಕುರ್ಚಿಯ ಎದುರಿನಿಂದ ಏಳಲೇ ಇಲ್ಲ. ಹಿಂದಿನವರು ಗೊಣಗಿದರು, ನರ್ಸಮ್ಮ ಭುಜ ಮುಟ್ಟಿದಳು, ನಾನು ಕದಲಲಿಲ್ಲ. ಗಡಿಬಿಡಿಯವರು ನನ್ನನ್ನು ಎಬ್ಬಿಸಲೆಂದೇ ಚೀಟಿ ಗೀಚಿದರು. ಗೆದ್ದೆ ಎಂದುಕೊಂಡು ಕೆಳಗಿನ ಔಷಧಿ ಅಂಗಡಿಗೆ ಹೋದೆ. ಅಂಗಡಿಯಾತ ಚೀಟಿ ನೋಡಿದ, ಕಂಪ್ಯೂಟರ್ ನೋಡಿದ, ಮತ್ತೆ ಚೀಟಿ ನೋಡಿದ. “ಮೇಡಂ, ಮಾತ್ರೆ ನನ್ನ ಹಿಂದಿನ ಕಪಾಟಲ್ಲೇ ಇದೆ. ಆದ್ರೆ ನಿಮ್ಮಮ್ಮನ ಹೆಸರಲ್ಲಿ ಇನ್ನೊಬ್ಬ ಡಾಕ್ಟರ ಚೀಟಿ ಇನ್ನೂ ನಡೀತಾ ಇದೆ. ಇಬ್ಬರು ಡಾಕ್ಟರ ಚೀಟಿಗೆ ಈ ಮಾತ್ರೆ ಕೊಟ್ರೆ ನನ್ನ ಅಂಗಡಿ ಬಾಗಿಲು ಹಾಕಿಸ್ತಾರೆ” ಎಂದ. ನಾನು ದನಿ ಏರಿಸಿದೆ. ಅವನು ಏರಿಸಲಿಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ದೇವರು ಕೊಟ್ಟರೂ ಪೂಜಾರಿ ಕೊಡ ಎಂದು ಅವನಿಗೆ ಕೇಳುವಂತೆಯೇ ಹೇಳಿದೆ. ಹಿಂದಿನಿಂದ ಅಮ್ಮ, “ಸುಮ್ನಿರೆ, ಪಾಪ, ಅವನ ಕೆಲಸ ಅವನು ಸರಿಯಾಗಿ ಮಾಡ್ತಿದ್ದಾನೆ” ಎಂದಳು. ನೋವಿನವಳು ಅವಳು, ಪಾಪ ಅವನು.

ಆ ಇನ್ನೊಬ್ಬ ಡಾಕ್ಟರು ಯಾರು ಗೊತ್ತೆ? ನಿಮ್ಮೂರಿನ ನೋವಿನ ಡಾಕ್ಟರಮ್ಮ. ಆಪರೇಷನ್ ಆದ ಮೇಲೆ ಅಮ್ಮ ನಿನ್ನ ಮನೆಯಲ್ಲಿದ್ದಾಗ ದೊಡ್ಡ ಮಾತ್ರೆ ಶುರು ಮಾಡಿದವರು ಅವರೇ. ಈ ಮಾತ್ರೆಗೆ ಒಬ್ಬರೇ ಡಾಕ್ಟರು, ಒಂದೇ ಅಂಗಡಿ ಎಂದು ಆಗ ಅಮ್ಮನ ಪರವಾಗಿ ನೀನು ಒಪ್ಪಿ ಸಹಿ ಹಾಕಿದ್ದೀಯಂತೆ. ಅವರ ಆಸ್ಪತ್ರೆಗೆ ಎಷ್ಟು ಸಲ ಫೋನು ಮಾಡಿದೆನೋ ಲೆಕ್ಕವಿಲ್ಲ. ಪ್ರತಿ ಸಲ ಅದೇ ಹುಡುಗಿ, ಅದೇ ಮಾತು: ರೋಗಿಯನ್ನು ನೋಡದೆ ಚೀಟಿ ಇಲ್ಲ, ಸಹಿ ಹಾಕಿದವರು ಬಂದು ಹೇಳದೆ ಹಳೆಯದನ್ನು ನಿಲ್ಲಿಸುವುದೂ ಇಲ್ಲ. ನಾನು ಮಗಳು ಎಂದರೆ, “ಸಹಿ ಹಾಕಿದ ಮಗಳು ನೀವಲ್ಲವಲ್ಲ” ಎನ್ನುತ್ತಾಳೆ. ಇದನ್ನು ಹೇಳಲೆಂದೇ ನಿನಗೆ ಫೋನು ಮಾಡಿದ್ದು. ನೀನು ನನ್ನ ಮಾತು ಪೂರ್ತಿ ಕೇಳಿಸಿಕೊಳ್ಳಲಿಲ್ಲ. “ಅಮ್ಮನೇ ನಾಲ್ಕು ಅಂತಾಳೆ, ನಿಂಗ್ಯಾಕೆ ಹದಿನಾಲ್ಕು ಕಾಣುತ್ತೆ?” ಎಂದು ಇಟ್ಟುಬಿಟ್ಟೆ.

ಆ ನಾಲ್ಕರ ವಿಚಾರ ಈಗ ಹೇಳುತ್ತೇನೆ.

ಬೆಳಗ್ಗೆ ನರ್ಸಮ್ಮ ಎಂದಿನಂತೆ ಗೋಡೆಯ ಮೇಲಿನ ಚಿತ್ರ ತೋರಿಸಿದಳು. ನಗುವ ಮುಖದಿಂದ ಅಳುವ ಮುಖದವರೆಗೆ ಸಾಲಾಗಿ ಇವೆಯಲ್ಲ, ಅದು. ನೋವಿಗೆ ಹತ್ತಕ್ಕೆ ಎಷ್ಟು ಕೊಡ್ತೀರಜ್ಜಿ ಎಂದು ಕೇಳಿದಳು. ಅಮ್ಮ ಕನ್ನಡಕ ಸರಿಮಾಡಿಕೊಂಡು, ಚಿತ್ರಗಳನ್ನೆಲ್ಲ ಒಂದು ಸುತ್ತು ನೋಡಿ, ಯೋಚಿಸಿ, “ನಾಲ್ಕು” ಎಂದಳು. ಅಷ್ಟು ಹೊತ್ತೂ ಅವಳ ಇನ್ನೊಂದು ಕೈ ನನ್ನ ಮುಂಗೈಯನ್ನು ಹಿಡಿದಿತ್ತು. ಉಗುರಿನ ಗುರುತು ಇನ್ನೂ ಇದೆ. ನನಗೆ ಆ ಮುಖ ಎಲ್ಲೋ ನೋಡಿದ ಹಾಗನಿಸಿತು. ಎಲ್ಲಿ ಎಂದು ತಕ್ಷಣ ಹೊಳೆಯಿತು. ಅಡುಗೆಮನೆ ಮೇಜಿನ ಮೇಲೆ ಉತ್ತರಪತ್ರಿಕೆ ಹರಡಿಕೊಂಡು, ಕೆಂಪು ಪೆನ್ನು ತುಟಿಗೆ ತಾಗಿಸಿಕೊಂಡು ಕೂತಿರುತ್ತಿದ್ದಳಲ್ಲ, ಅದೇ ಮುಖ.

ಅಕ್ಕ, ಅಮ್ಮ ನೋವಿಗೆ ಅಂಕ ಕೊಡುತ್ತಿದ್ದಾಳೆ.

ಇಡೀ ಶಾಲೆಯಲ್ಲಿ ಅವಳಷ್ಟು ಕೈಬಿಗಿ ಇದ್ದ ಟೀಚರು ಇನ್ನೊಬ್ಬರಿರಲಿಲ್ಲ. ನಿನ್ನ ಪ್ರಬಂಧಕ್ಕೆ ಹೊರಗೆ ಮೊದಲ ಬಹುಮಾನ ಬಂದಾಗ ಮನೆಯಲ್ಲಿ ಸಿಕ್ಕಿದ್ದು ಆರೂವರೆ. ನೀನು ಎರಡು ದಿನ ಊಟ ಬಿಟ್ಟೆ. ನನಗೆ ಐದು ದಾಟಿದ್ದೇ ಇಲ್ಲ, ಅದು ಬೇರೆ ಮಾತು. ಸ್ವಲ್ಪ ಕೈ ಬಿಚ್ಚಿ ಟೀಚರ್ ಎಂದು ಹೆಡ್‌ಮಾಸ್ಟರು ಗೋಗರೆದರೆ, “ಈ ವರ್ಷವೇ ಹತ್ತು ಕೊಟ್ರೆ ಮುಂದಿನ ವರ್ಷ ಆ ಮಗು ಎಲ್ಲಿಗೆ ಹೋಗ್ಬೇಕು ಸಾರ್?” ಎನ್ನುತ್ತಿದ್ದಳು. ಅವಳ ನಾಲ್ಕು ಎಂದರೆ ಏನೆಂದು ಈ ಪ್ರಪಂಚದಲ್ಲಿ ಇಬ್ಬರಿಗೆ ಗೊತ್ತಿರಬೇಕಿತ್ತು. ನಿನಗೆ ಮತ್ತು ನನಗೆ.

ಹೊರಗೆ ಬಂದ ಮೇಲೆ ಕೇಳಿಯೇಬಿಟ್ಟೆ. ನಾಲ್ಕು ಅನ್ನೋದು ಎಲ್ಲಿಂದ ಬಂತಮ್ಮ ಎಂದೆ. “ಆಪರೇಷನ್ ಆದ ರಾತ್ರಿಗೆ ಏಳು ಕೊಟ್ಟಿದ್ದೆ. ಅದಕ್ಕಿಂತ ಇದು ಕಡಿಮೆ ತಾನೆ? ಬೇಡೋರಿಗೆಲ್ಲ ಕೈ ಬಿಚ್ಚಿ ಕೊಡೋಕಾಗುತ್ತಾ” ಎಂದಳು. ಗಡಿಬಿಡಿಯವರಿಗೆ ನಾಲ್ಕು, ಉಪ್ಪು ಬೇಡದವರಿಗೆ ನಾಲ್ಕು, ಫೋನಿನಲ್ಲಿ ನಿನಗೆ ನಾಲ್ಕು. ನಿಮ್ಮ ಡಾಕ್ಟರಮ್ಮನಿಗೂ ಅದೇ ಹೇಳಿದ್ದಾಳೆ. ಕಳೆದ ಸಲ ಅವರು ಮಾತ್ರೆ ಕಡಿಮೆ ಮಾಡಿದ್ದು ಅದನ್ನು ನಂಬಿಯೇ.

ಇನ್ನೊಂದು ವಿಷಯ. ಅಮ್ಮ ನಿನ್ನ ಮನೆ ಬಿಟ್ಟು ಬಂದದ್ದು ಗಾಳಿ ಬದಲಾವಣೆಗಲ್ಲ, ನಾನು ಕಿವಿ ಊದಿದ್ದಕ್ಕೂ ಅಲ್ಲ. ಲಿಫ್ಟಿಲ್ಲದ ಮೂರನೇ ಮಹಡಿ. ಒಂದು ದಿನ ತರಕಾರಿ ಚೀಲ ಹಿಡಿದು ಎರಡನೇ ಮಹಡಿಯ ತಿರುವಿನಲ್ಲಿ ನಿಂತವಳಿಗೆ ಮೇಲೂ ಹೋಗಲಾಗಲಿಲ್ಲ, ಕೆಳಗೂ ಬರಲಾಗಲಿಲ್ಲವಂತೆ. ಯಾರೋ ಮೇಲೆ ಹೋಗುವಾಗ ಕೇಳಿದ್ದಕ್ಕೆ, ಗೆಳತಿಗೆ ಕಾಯ್ತಿದ್ದೀನಿ ಎಂದಳಂತೆ. “ದೊಡ್ಡವಳು ಅಷ್ಟು ಆಸೆಯಿಂದ ಕೊಂಡ ಮನೆ, ಅದಕ್ಕೆ ಕುಂದು ಹೇಳ್ಲಾ?” ಎನ್ನುತ್ತಾಳೆ. ನಿನಗೆ ಹೇಳಬಾರದೆಂದು ಮಾತು ತೆಗೆದುಕೊಂಡಿದ್ದಳು. ಈಗ ಹೇಳಿಬಿಟ್ಟಿದ್ದೇನೆ.

ಉಳಿದ ಕೆಲವು ಮಾತ್ರೆಗಳನ್ನು ಅವಳು ಬ್ಲೇಡಿನಲ್ಲಿ ಅರ್ಧ ಮಾಡಿ ಸಕ್ಕರೆ ಡಬ್ಬಿಯ ಹಿಂದೆ ಇಟ್ಟಿದ್ದಾಳೆ. ಅದರಲ್ಲಿ ಸೋಮವಾರದವರೆಗೆ ಹೇಗೋ ತಳ್ಳಬಹುದು. ನಿಮ್ಮ ಡಾಕ್ಟರಮ್ಮ ಸಿಗುವುದೂ ಸೋಮವಾರವೇ. ಆದ್ದರಿಂದ ತೀರ್ಮಾನ ಮಾಡಿದ್ದೇನೆ. ಸೋಮವಾರ ಬೆಳಗ್ಗೆ ಬರುತ್ತೇವೆ. ಹಿಂದಿನ ಸೀಟು ಮಡಚಿದರೆ ಒಬ್ಬರು ಮಲಗಬಹುದಾದ ಗಾಡಿಯೊಂದನ್ನು ಪಕ್ಕದ ಮನೆಯವರು ಕೊಡುತ್ತಾರೆ. ಅಮ್ಮನನ್ನು ಹಾಸಿಗೆ ಸಮೇತ ಅದರಲ್ಲಿ ಮಲಗಿಸಿಕೊಂಡು ನಿನ್ನ ಮನೆಯ ಕೆಳಗೆ ಬಂದು ನಿಲ್ಲುತ್ತೇವೆ. ನಾವು ಮೇಲೆ ಹತ್ತುವುದಿಲ್ಲ. ನೀನು ಕೆಳಗೆ ಬಾ. ಬಂದು, ಸಹಿ ಹಾಕಿದ ಮಗಳಾಗಿ ನಮ್ಮ ಜೊತೆ ಆಸ್ಪತ್ರೆಯೊಳಕ್ಕೆ ನಡೆ. ಇಲ್ಲಿಯ ಚೀಟಿಯನ್ನು ಅವರು ಒಪ್ಪಲಿ, ಇಲ್ಲವೆ ಅಲ್ಲಿಯದನ್ನು ನಿಲ್ಲಿಸಲಿ. ಎರಡರಲ್ಲಿ ಒಂದಾಗದೆ ನಾನು ಕುರ್ಚಿಯಿಂದ ಏಳುವುದಿಲ್ಲ. ಆ ವಿದ್ಯೆ ಇವತ್ತು ಕಲಿತೆ.

ಬಾಗಿಲಲ್ಲಿ ಕಾದಿರು ಎಂದು ಕೇಳುವುದಿಲ್ಲ. ಹಾರನ್ ಮಾಡುತ್ತೇನೆ.

ನಿನ್ನ,
ಚಿಕ್ಕಿ

ಮತ್ತೆ ಸೇರಿಸಿದ್ದು: ಮನೆಗೆ ಬಂದ ಮೇಲೆ ಅಮ್ಮ ಕಾಗದ ಕೊಡು ಎಂದು ಕೈ ಚಾಚಿದಳು, ಕೊಟ್ಟೆ. ನಿಂತುಕೊಂಡೇ ಪೂರ್ತಿ ಓದಿದಳು. ಮೆಟ್ಟಿಲಿನ ಭಾಗ ಹರಿದುಹಾಕುತ್ತಾಳೆ ಎಂದುಕೊಂಡಿದ್ದೆ, ಹರಿಯಲಿಲ್ಲ. ಕಿಟಕಿಯ ಸರಳು ಹಿಡಿದುಕೊಂಡು, “ಆ ನಾಲ್ಕನ್ನ ಒಂಬತ್ತು ಅಂತ ತಿದ್ದು. ಸೋಮವಾರ ಡಾಕ್ಟರಮ್ಮನಿಗೂ ನಾನೇ ಹೇಳ್ತೀನಿ, ದೊಡ್ಡವಳು ಪಕ್ಕದಲ್ಲಿದ್ರೆ ಹೇಳ್ತೀನಿ” ಎಂದಳು. ಹತ್ತೇ ಅಂದುಬಿಡಮ್ಮ, ಇನ್ನೊಂದು ಯಾಕೆ ಉಳಿಸ್ತೀಯ ಎಂದೆ. “ಇರ್ಲಿ. ಮುಂದೆ ಬೇಕಾಗುತ್ತೆ” ಎಂದಳು.