ಜೆ.ಪಿ. ನಗರಕ್ಕೆ ಬಂದ ಹಿಪ್ಪೆ ಎಣ್ಣೆ

ಅತ್ತೆ, ಜೆ.ಪಿ. ನಗರದಿಂದ ನಿಮ್ಮ ಸೊಸೆಯ ನಮಸ್ಕಾರ.

ಫೋನಲ್ಲಿ ನಿಮಗೆ ಕೇಳಿಸಲ್ಲ, ಅದಕ್ಕೇ ಕಾರ್ಡು. ನಿಮ್ಮ ಮಹಿಳಾ ಸಂಘದಿಂದ ಮಾರೋಕೆ ಮುಂಚೆ ಪರೀಕ್ಷೆ ಮಾಡಿಸು ಅಂತ ನೀವು ಕೊಟ್ಟ ಹಿಪ್ಪೆ ಎಣ್ಣೆ ಇಲ್ಲಿನ ಚಳಿಗೆ ತುಪ್ಪದ ಹಾಗೆ ಗಟ್ಟಿಯಾಗಿತ್ತು. ಲ್ಯಾಬಿನ ಹುಡುಗಿ ಧೃತಿ ಮೇಲಿಂದ ಸ್ವಲ್ಪ ತೆಗೆದು ಮೆಷಿನ್ನಿಗೆ ಹಾಕಿದಳು. ಕಂಪ್ಯೂಟರಲ್ಲಿ ಸಾಲಾಗಿ ಗುಡ್ಡಗಳ ಥರ ಗೆರೆ ಬಂತು. "ಆಲಿವ್ ಎಣ್ಣೇಲಿರೋ ಓಲಿಕ್ ಆಮ್ಲ ಇದ್ರಲ್ಲೂ ಚೆನ್ನಾಗಿದೆ ಆಂಟಿ" ಅಂದವಳು ಒಂದು ಪುಟ್ಟ ಗುಡ್ಡ ತೋರಿಸಿ, "ಇದು ಹಿಪ್ಪೇದಲ್ಲ, ಏನು ಬೆರೆಸಿದ್ರಿ?" ಅಂದಳು. ನನಗೆ ಸಿಟ್ಟೇ ಬಂತು. ನಮ್ಮತ್ತೆ ಕಲಬೆರಕೆ ಮಾಡೋರಲ್ಲಮ್ಮ ಅಂದೆ. ಬಾಟ್ಲೀನ ಬಿಸಿನೀರಲ್ಲಿಟ್ಟು ಕರಗಿಸಿದ್ರೆ ತಳದಲ್ಲಿ ವೀಳ್ಯದೆಲೆ! ಘಮಕ್ಕೆ ಅಂತ ತುಪ್ಪಕ್ಕೆ ಹಾಕೋ ಹಾಗೆ ಇದಕ್ಕೂ ಹಾಕಿಬಿಟ್ಟಿದ್ದೀರಿ.

ಪರೀಕ್ಷೆಗೆ ಎಲೆ ಹಾಕದ ಎಣ್ಣೆ ಬೇಕಂತೆ, ನಿಮ್ಮ ಮಗ ಊರಿಗೆ ಬಂದಾಗ ಅವರ ಕೈಲಿ ಕಳಿಸಿ. ನೀವು ಮಂಡಿಗೆ ಎಣ್ಣೆ ಹಚ್ಚಿಕೊಳ್ಳೋದು ಬಿಡಬೇಡಿ.

ಎಲೇನ ಧೃತಿ ಬಿಸಾಕೋಕೆ ಹೋದಳು, ನಾನು ಕೊಡಲಿಲ್ಲ. ಈ ಊರಲ್ಲಿ ನಿಮ್ಮ ಕೈ ಮುಟ್ಟಿದ್ದು ಅಂತ ನನ್ನ ಹತ್ರ ಇರೋದು ಅದೊಂದೇ. ಪರ್ಸಲ್ಲಿಟ್ಟುಕೊಂಡಿದೀನಿ. ಕಾರ್ಡಿನ ಮೂಲೇಲಿರೋ ಎಣ್ಣೆ ಕಲೆ ಅದರದ್ದೇ, ಮೂಸಿ ನೋಡಿ.

ಜಯದೇವಿ