ಬೆನ್ನಿನ ಮೇಲಿನ ಜೇಬು

ನನ್ನ ಸೊಸೆಗೆ,

ನಿನ್ನ ಕೋಣೆಗೂ ನನ್ನ ಕೋಣೆಗೂ ನಡುವೆ ಇರುವುದು ಒಂದೇ ಗೋಡೆ. ಕೆಮ್ಮಿದರೆ ಕೇಳಿಸುತ್ತದೆ. ಅಂಥದ್ದರಲ್ಲಿ ಈ ಮುದುಕಿ ಕಾಗದ ಬರೆದು ದಿಂಬಿನ ಕೆಳಗೆ ಇಟ್ಟಿದ್ದಾಳಲ್ಲ, ತಲೆ ಕೆಟ್ಟಿತೇ ಎಂದು ನೀನು ಅಂದುಕೊಳ್ಳಬಹುದು. ಕೆಟ್ಟಿಲ್ಲ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಕಂಡವರ ಮಾತನ್ನೆಲ್ಲ ಕಂಡವರಿಗೆ ದಾಟಿಸಿದವಳು ನಾನು. ನನ್ನ ಸ್ವಂತದ ಒಂದು ಮಾತನ್ನು ಈ ಗೋಡೆಯಾಚೆ ದಾಟಿಸಲು ಎರಡು ತಿಂಗಳಿನಿಂದ ಆಗುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಸುತ್ತಿ ಬಳಸಿ ಎಲ್ಲಿಗೋ ಹೋಗಿಬಿಡುತ್ತೇನೆ. ಸೈಕಲ್ ಸವಾರಿಯ ಎರಡನೇ ದಿನ ನಿನ್ನ ಸೀಲಿನ ಕಾರ್ಡನ್ನು ನೀರಿಗೆ ಹಾಕಿ ಹಾಳು ಮಾಡಿದವಳು ನಾನು. ಆ ತಪ್ಪನ್ನು ನೀನು ನಿನ್ನ ತಲೆಯ ಮೇಲೆ ಹೊತ್ತುಕೊಂಡೆ. ಹೊರಲಿ ಎಂದು ನಾನು ಸುಮ್ಮನಿದ್ದೆ. ಅಂದಿನಿಂದ ಆಸ್ಪತ್ರೆಯ ಲಾಂಡ್ರಿಯಲ್ಲಿ ನಿನಗೆ ‘ಜೇಬಮ್ಮ’ ಎಂಬ ಹೆಸರು ಬಿದ್ದಿದೆ. ನೀನು ನಗುತ್ತಾ ಓಗೊಡುತ್ತೀಯ. ನನಗೆ ಮಾತ್ರ ಅದು ಬಿಸಿ ತುಪ್ಪವಾಗಿದೆ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಆ ಹೆಸರು ನಿನಗೆ ಎಷ್ಟು ಚುಚ್ಚುತ್ತದೆ ಎಂದು ನನಗೆ ಗೊತ್ತು. ಹತ್ತೊಂಬತ್ತು ವರ್ಷ ಆ ನೆಲಮಾಳಿಗೆಯಲ್ಲಿ, ಬಟ್ಟೆ ವಿಂಗಡಿಸುವ ಮೇಜಿನ ಮುಂದೆ ನಿಂತವಳು ನೀನು. ಯಂತ್ರಕ್ಕೆ ಹೋಗುವ ಮೊದಲು ಪ್ರತಿ ಕೋಟಿನ ಪ್ರತಿ ಜೇಬಿಗೂ ಕೈ ಹಾಕಿ ನೋಡುವುದೇ ನಿನ್ನ ಕೆಲಸ. ಪೆನ್ನು, ಕತ್ತರಿ, ಕನ್ನಡಕ, ಯಾರದೋ ಪ್ರೇಮಪತ್ರ. ಒಮ್ಮೆ ಒಂದು ಹಲ್ಲಿನ ಸೆಟ್ಟು ಸಿಕ್ಕಿ, ಅದಕ್ಕೆ ತಕ್ಕ ಬಾಯಿ ಹುಡುಕಿಕೊಂಡು ಮೂರು ವಾರ್ಡು ಸುತ್ತಿದವಳು. “ನನ್ನ ಕೈಯಿಂದ ಒಂದು ಚೂರು ಕಾಗದ ಮಷೀನಿಗೆ ಹೋಗಿಲ್ಲ ಅತ್ತೆ” ಎಂದು ಒಂದು ಸಲ ಹೇಳಿದ್ದೆ. ಈ ಮನೆಗೆ ಬಂದ ಮೇಲೆ ನೀನು ಕೊಚ್ಚಿಕೊಂಡದ್ದು ಅದೊಂದೇ. ಅದನ್ನೂ ನಾನು ಕಿತ್ತುಕೊಂಡೆ.

ಸವಾರಿ ಯಾಕೆ ಹುಟ್ಟಿತು ಎನ್ನುವುದು ನನಗಿಂತ ಯಾರಿಗೆ ಚೆನ್ನಾಗಿ ಗೊತ್ತು? ನಿನ್ನ ಮಾವ ಹಾಸಿಗೆ ಹಿಡಿದ ಏಳು ತಿಂಗಳು, ವಾರಕ್ಕೆ ಮೂರು ಸಲ ಆ ನರ್ಸಮ್ಮ ಮನೆಗೇ ಬರುತ್ತಿದ್ದಳು. ಅವರ ಬೆನ್ನಿನ ಹುಣ್ಣು ತೊಳೆದು, ಹೊರಳಿಸಿ ಮಲಗಿಸಿ, ಹೋಗುವಾಗ ನನ್ನ ರಕ್ತದ ಒತ್ತಡವನ್ನೂ ನೋಡಿ ಗದರಿಸಿ ಹೋಗುತ್ತಿದ್ದಳು. ಅವಳ ಗಾಡಿ ಆಗಲೇ ಗೊರಗೊರ ಎನ್ನುತ್ತಿತ್ತು. ಈ ವರ್ಷ ಅದು ಪೂರ್ತಿ ನಿಂತಿತು. ಹೊಸ ಗಾಡಿ ಕೊಡಿಸಲು ಆಗುವುದಿಲ್ಲ, ಮನೆಮನೆಗೆ ಹೋಗುವುದನ್ನೇ ನಿಲ್ಲಿಸುತ್ತೇವೆ ಎಂದು ಆಸ್ಪತ್ರೆಯವರು ಹೇಳಿದರು. ಊರಿನಲ್ಲಿ ಹಾಸಿಗೆ ಹಿಡಿದವರು ನಲವತ್ತಕ್ಕೂ ಹೆಚ್ಚು ಜನ. ಅವತ್ತು ನೀನು ಊಟ ಮಾಡಲಿಲ್ಲ. ಮರುದಿನ ಲಾಂಡ್ರಿಯ ನಾಲ್ಕು ಹೆಂಗಸರು ಸೇರಿ, ನಾಲ್ಕು ದಿನ ನಾನ್ನೂರು ಕಿಲೋಮೀಟರ್ ಸೈಕಲ್ ತುಳಿದು ಗಾಡಿಗೆ ಹಣ ಎತ್ತುತ್ತೇವೆ, ಮಿಕ್ಕಿದರೆ ಮಕ್ಕಳ ವಾರ್ಡಿಗೆ ಆಟದ ಸಾಮಾನು ತರುತ್ತೇವೆ ಎಂದು ಸಾರಿದಿರಿ.

ನಾನು ಏನು ಮಾಡಿದೆ? “ನಲವತ್ತೊಂದು ದಾಟಿದೆ, ಮೆಟ್ಟಿಲು ಹತ್ತಿದ್ರೆ ಏದುಸಿರು, ಇವಳು ನಾನ್ನೂರು ಕಿಲೋಮೀಟರ್ ತುಳೀತಾಳಂತೆ” ಎಂದು ಮಗನ ಮುಂದೆ ಆಡಿಕೊಂಡೆ. ನಿನಗೆ ಕೇಳಿಸಲಿ ಎಂದೇ ಆಡಿದ್ದು. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವಳು ನಾನು, ನಿನಗೆ ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಪ್ರತಿ ಬೆಳಿಗ್ಗೆ ಐದಕ್ಕೆ ನೀವು ನಾಲ್ವರು ಅಭ್ಯಾಸಕ್ಕೆಂದು ನಮ್ಮ ಬಾಗಿಲ ಮುಂದೆ ಸೇರುವಾಗ ಕಿಟಕಿಯ ಪರದೆ ಸರಿಸಿ ನೋಡುತ್ತಿದ್ದೆ. ಇಸ್ತ್ರಿ ರೋಲರಿನ ಮುಂದೆ ನಿಲ್ಲುವ ಉದ್ದಕ್ಕ, ಆಸನ ಎಷ್ಟು ಎತ್ತರಿಸಿದರೂ ಅವಳ ಮೊಣಕಾಲು ಕಿವಿಗೆ ತಾಗುತ್ತಿತ್ತು. ಬಾಯಿ ಮುಚ್ಚದ್ದಕ್ಕೆ ರೇಡಿಯೋ ಎಂದೇ ಹೆಸರಾದವಳು, ಏರು ಹತ್ತುವಾಗಲೂ ಅವಳ ಪ್ರಸಾರ ನಿಲ್ಲುತ್ತಿರಲಿಲ್ಲವಂತೆ. ನಿಮ್ಮೆಲ್ಲರ ಮೇಲಿನ ಮೇಸ್ತ್ರಿ, ಐವತ್ತಾರು ವರ್ಷದ ಹೆಂಗಸು, ಹುಡುಗಿಯಾಗಿದ್ದಾಗ ಕಲಿತ ಸೈಕಲ್ಲನ್ನು ಮತ್ತೆ ಕಲಿತವಳು. ನಡುವೆ ನೀನು. ಮೊದಲ ವಾರ ಬೀದಿಯ ತಿರುವಿನಲ್ಲೇ ಬಿದ್ದು ಎದ್ದಿರಿ. ಮೂರನೇ ತಿಂಗಳಿಗೆ ತಿರುವು ದಾಟುವುದು ಕಣ್ಣಿಗೆ ಕಾಣುತ್ತಲೂ ಇರಲಿಲ್ಲ.

ಸೈಕಲ್ ಅಂಗಡಿಯ ಯಜಮಾನರು ಒಂದು ಮಾತು ಕೊಟ್ಟರು: ಊರಿನವರು ಎಷ್ಟು ಕೊಡುತ್ತಾರೋ ಅಷ್ಟನ್ನೇ ತಾನೂ ಕೊಡುತ್ತೇನೆ, ಆದರೆ ನಾಲ್ವರೂ ಮುಗಿಸಬೇಕು, ಒಬ್ಬರು ಬಿಟ್ಟರೂ ಇಲ್ಲ. ಅವರ ಮಾತಿಲ್ಲದೆ ಗಾಡಿ ಬರುವಂತಿರಲಿಲ್ಲ. ಒಬ್ಬೊಬ್ಬರಿಗೂ ದಿನಕ್ಕೊಂದು ಕಾರ್ಡು. ದಾರಿ ನಡುವೆ ಒಂದು ಸೀಲು, ತಂಗುವ ಜಾಗದಲ್ಲಿ ಒಂದು ಸೀಲು. ರಾತ್ರಿ ಎಂಟರೊಳಗೆ ಕಾರ್ಡು ಒಪ್ಪಿಸಬೇಕು. ದಾರಿಯಲ್ಲಿ ವಾಹನ ಹತ್ತಿದರೆ ಸವಾರಿ ಮುಗಿದಂತೆ. ಇದನ್ನೆಲ್ಲ ನನಗೆ ಬಿಡಿಸಿ ಹೇಳಿದ್ದು ನನ್ನ ಮಗ, ಯಾಕೆಂದರೆ ಹಿಂದಿನಿಂದ ವ್ಯಾನು ಓಡಿಸಿಕೊಂಡು ಬರುವವನು ಅವನು. ವ್ಯಾನಿನಲ್ಲಿ ನೀರು, ಬಾಳೆಹಣ್ಣು, ಟೈರು, ಮತ್ತು ನಾನು. ಯಾರೂ ಕರೆಯಲಿಲ್ಲ. ಚೀಲ ಹಿಡಿದು ಹೋಗಿ ಮುಂದಿನ ಸೀಟಿನಲ್ಲಿ ಕೂತೆ. ನೀನು ಬಗ್ಗಿ ನೋಡಿ, “ಸೀಟು ಹಿಂದಕ್ಕೆ ಮಾಡ್ಕೊಳ್ಳಿ ಅತ್ತೆ, ಕಾಲು ಜೋಮು ಹಿಡಿಯುತ್ತೆ” ಎಂದೆ ಅಷ್ಟೆ.

ಮೊದಲ ದಿನವೇ ನನ್ನ ಬಾಯಿಗೆ ಬೀಗ ಬಿತ್ತು. ಎದುರುಗಾಳಿಯಲ್ಲಿ ನೀವು ನಾಲ್ವರು ಒಬ್ಬರ ಹಿಂದೆ ಒಬ್ಬರು ಹೋಗುತ್ತಿದ್ದಿರಿ. ಮುಂದಿನವಳು ದಣಿದರೆ ಪಕ್ಕಕ್ಕೆ ಸರಿದು ಹಿಂದಕ್ಕೆ ಬರುವಳು, ಎರಡನೆಯವಳು ಗಾಳಿಗೆ ಎದೆ ಕೊಡುವಳು. ನಿಂತು ಹೇಳುವುದಿಲ್ಲ, ಕೇಳುವುದಿಲ್ಲ. ಒದ್ದೆ ಹಾಸಿಗೆವಸ್ತ್ರದ ಎರಡು ತುದಿ ಹಿಡಿದು ಮಡಚುವಾಗಲೂ ಹೀಗೇ ಮಾಡುತ್ತೀರಂತೆ. ಮಗನಿಗೆ ಕಾಣದಂತೆ ಕನ್ನಡಕ ಒರೆಸಿಕೊಂಡೆ. ನನಗೆ ಹೆಮ್ಮೆಯಾಗಿತ್ತು, ಆದರೆ ಆಡಿಕೊಂಡ ಬಾಯಿಂದ ಹೊಗಳಿಕೆ ಹೇಗೆ ಬರಬೇಕು?

ಎರಡನೇ ದಿನ ಮಧ್ಯಾಹ್ನ ಎರಡೂವರೆಗೇ, ಸೀಲಿನ ಮೇಜು ತೆರೆಯುವ ಮೊದಲೇ, ಶಾಲೆಯ ಸಭಾಂಗಣ ತಲುಪಿದಿರಿ. ನೀನು ಅಂಗಿ ಬದಲಿಸಿ ಗೋಡೆಗೊರಗಿ ಕಣ್ಣು ಮುಚ್ಚಿದೆ. ಅಂಗಿಯ ಕುತ್ತಿಗೆಯ ಸುತ್ತ ಉಪ್ಪು ಬೆಳ್ಳಗೆ ಕಟ್ಟಿತ್ತು. ಕ್ಷಮಿಸು ಎಂದು ಹೇಳಲು ಬರುವುದಿಲ್ಲ, ಅಂಗಿಯನ್ನಾದರೂ ಒಗೆದುಕೊಡೋಣ ಎಂದು ಅದನ್ನು ಎತ್ತಿಕೊಂಡು ಹಿತ್ತಲ ನಲ್ಲಿಗೆ ಹೋದೆ. ಎದೆಯ ಮೇಲೆ ಜೇಬಿದೆಯೇ ಎಂದು ನೋಡಿದೆ, ಇರಲಿಲ್ಲ. ಬೆನ್ನಿನ ಮೇಲೆ ಜೇಬು ಇಟ್ಟು ಹೊಲಿಯುವವರೂ ಇದ್ದಾರೆ ಎಂದು ಎಪ್ಪತ್ತೆರಡು ವರ್ಷದಲ್ಲಿ ನಾನು ಕಂಡಿರಲಿಲ್ಲ. ಸೋಪು ಹಾಕಿ ಚೆನ್ನಾಗಿ ಉಜ್ಜಿದೆ. ಹಿಂಡುವಾಗ ಬಿಳಿ ಹಿಟ್ಟಿನಂಥದ್ದು ಬೆರಳ ಸಂದಿಯಲ್ಲಿ ಬಂತು. ಅದರಲ್ಲಿ ಸೀಲಿನ ನೀಲಿ ಬಣ್ಣ ಕಂಡಾಗ, ಅದು ಬೆನ್ನಿನ ಜೇಬಿನಲ್ಲಿದ್ದ ನಿನ್ನ ಕಾರ್ಡು ಎಂದು ತಿಳಿಯಿತು.

ತಲೆ ಎತ್ತಿದರೆ ನೀನು ನಿಂತಿದ್ದೆ. ನಿನ್ನ ಹಿಂದೆ ಹತ್ತು ಹೆಜ್ಜೆಗೆ ರೇಡಿಯೋ ಮತ್ತು ಮೇಸ್ತ್ರಿ ಬರುತ್ತಿದ್ದರು. ನೀನು ನನ್ನ ಮುಖ ನೋಡಿದೆ. ಆಗ ನನ್ನ ಮುಖದಲ್ಲಿ ಏನಿತ್ತೋ ಕಾಣೆ. ನೀನು ಅಂಗಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಬಕೆಟ್ಟಿಗೆ ಕೈ ಅದ್ದಿ, ಅವರಿಗೆ ಕೇಳಿಸುವ ಹಾಗೆ, “ಥೂ, ಜೇಬು ನೋಡೋದೇ ಮರೆತುಬಿಟ್ಟೆ ಕಣ್ರೇ” ಎಂದೆ. ಎಕ್ಸ್‌ಚೇಂಜಿನಲ್ಲಿ ಒಂದೇ ಒಂದು ತಪ್ಪು ನಂಬರನ್ನೂ ಕೊಟ್ಟವಳಲ್ಲ ಎಂದು ಕಂಡಕಂಡವರಿಗೆ ಹೇಳಿಕೊಂಡು ತಿರುಗುವ ನಾನು ಸೆರಗಿನಲ್ಲಿ ಕೈ ಒರೆಸಿಕೊಂಡು ಸುಮ್ಮನೆ ನಿಂತೆ.

ಸೀಲು ಹಾಕುವ ಮೇಜಿನ ಮನುಷ್ಯ ಕೆಟ್ಟವನಲ್ಲ, ಆದರೆ ನಿಯಮದವನು. “ಹೊಸ ಕಾರ್ಡ್ ಕೊಡ್ತೀನಮ್ಮ. ದಾರಿ ನಡುವಿನ ಸೀಲು ಮಾತ್ರ ನೀವೇ ಹೋಗಿ ತರಬೇಕು” ಎಂದ. ಆ ಸೀಲಿನ ಪೆಟ್ರೋಲ್ ಬಂಕ್ ಇಪ್ಪತ್ತೆಂಟು ಕಿಲೋಮೀಟರ್ ಹಿಂದಿತ್ತು. ಹೋಗಿ ಬರಲು ಐವತ್ತಾರು, ಅದೂ ದಿನದ ಸವಾರಿ ಮುಗಿಸಿದ ಕಾಲುಗಳಲ್ಲಿ. ನೀನು ಒದ್ದೆ ಅಂಗಿಯನ್ನೇ ತೊಟ್ಟು ಸೈಕಲ್ ತೆಗೆದೆ. ಮೇಸ್ತ್ರಿ ಆಗಲೇ ಶೂ ಕಟ್ಟಿಕೊಳ್ಳುತ್ತಿದ್ದಳು. “ನೀವ್ಯಾಕೆ? ತಪ್ಪು ನನ್ನದು” ಎಂದು ನೀನು ಎಂದದ್ದಕ್ಕೆ, “ಎದುರುಗಾಳಿ ನಿನ್ನ ತಪ್ಪು ನೋಡ್ಕೊಂಡು ಬೀಸಲ್ಲ, ನಡಿ” ಎಂದಳು. ರೇಡಿಯೋ ಬಾಳೆಹಣ್ಣು ಕಚ್ಚಿಕೊಂಡೇ ಹತ್ತಿದಳು. ಉದ್ದಕ್ಕನ ಮೊಣಕಾಲು ಊದಿತ್ತು, ಅವಳನ್ನು ಮಾತ್ರ ಬಲವಂತವಾಗಿ ಕೂರಿಸಿದಿರಿ.

ನಾಲ್ಕು ಗಂಟೆ ಹೇಗೆ ಕಳೆದೆನೋ. ಉದ್ದಕ್ಕ ಮೊಣಕಾಲಿಗೆ ಮಂಜುಗಡ್ಡೆ ಒತ್ತಿಕೊಂಡು ನನ್ನ ಪಕ್ಕದಲ್ಲೇ ಕೂತಿದ್ದಳು. “ಜೇಬು ನೋಡದೆ ಹಾಕೋಳಲ್ಲ ಅವಳು. ಏನಾಯ್ತೋ ಇವತ್ತು” ಎಂದಳು. ಆಗಲಾದರೂ ಹೇಳಬಹುದಿತ್ತು. “ಸುಸ್ತಾಗಿತ್ತೇನೋ” ಎಂದೆ. ಈ ಮಾತನ್ನು ನೆನೆದರೆ ಈಗಲೂ ನನ್ನ ಮುಖಕ್ಕೆ ನಾನೇ ಹೊಡೆದುಕೊಳ್ಳುವ ಹಾಗಾಗುತ್ತದೆ. ಆರೂವರೆಗೆ ಗೇಟಿನ ಹತ್ತಿರ ಹೋಗಿ ನಿಂತೆ. ಏಳೂಮುಕ್ಕಾಲಿಗೆ ಮೂರು ದೀಪಗಳು ಕಂಡವು. ಮುಂದೆ ಮೇಸ್ತ್ರಿ, ನಡುವೆ ನೀನು, ಹಿಂದೆ ರೇಡಿಯೋ. ಸೀಲು ಬಿದ್ದ ಕಾರ್ಡನ್ನು ನೀನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದೆ. ಮೇಜಿನ ಮನುಷ್ಯ ಎದ್ದು ನಿಂತು ಎರಡನೇ ಸೀಲು ಒತ್ತಿದ. ಇನ್ನೂ ಎರಡು ದಿನ ಉಳಿದಿತ್ತು. ಅವನ್ನೂ ಮುಗಿಸಿದಿರಿ, ಉದ್ದಕ್ಕ ಕೊನೆಯ ಏರಿನಲ್ಲಿ ಒಂದೇ ಕಾಲಿನಲ್ಲಿ ತುಳಿದು.

ಗಾಡಿ ಬಂತು. ಮೊನ್ನೆ ನರ್ಸಮ್ಮ ಅದನ್ನು ನಮ್ಮ ಬೀದಿಯಲ್ಲಿ ನಿಲ್ಲಿಸಿ ಹಾರ್ನ್ ಹೊಡೆದು ನನಗೆ ಕೈ ಬೀಸಿದಳು. ಅವತ್ತು ರಾತ್ರಿ ಊಟಕ್ಕೆ ಕೂತಾಗ ನನ್ನ ಮಗ, “ಅಮ್ಮಾ, ನಿನ್ನ ಸೊಸೆ ಊರವರ ಜೇಬೆಲ್ಲಾ ನೋಡ್ತಾಳೆ, ತನ್ನದು ಬಿಟ್ಟು” ಎಂದು ರೇಗಿಸಿದ. ನೀನು ನಕ್ಕೆ. ನಾನೂ ನಕ್ಕೆ. ಗಂಡನಿಗೂ ನೀನು ನಿಜ ಹೇಳಿಲ್ಲ ಎಂದು ಆಗ ತಿಳಿಯಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನಿನ್ನ ಕಾಲ ಬಂದಾಗ ನೀನು ಅದನ್ನು ನನ್ನ ಮಾನ ಕಾಯಲು ಖರ್ಚು ಮಾಡಿದೆ.

ಇಲ್ಲಿಯವರೆಗೆ ನಿನ್ನೆ ಬರೆದದ್ದು. ಬರೆದು ಮುಗಿಸಿದಾಗ, ನಿನಗೊಬ್ಬಳಿಗೇ ಹೇಳಿದರೆ ಸಾಲದು ಎನಿಸಿತು. ಇವತ್ತು ನಿನಗೆ ಮಧ್ಯಾಹ್ನದ ಪಾಳಿ, ಅವರು ಮೂವರಿಗೂ ಬೆಳಗಿನದು. ನೀನು ಮಲಗಿರುವಾಗಲೇ ಲಾಂಡ್ರಿಗೆ ಹೋಗಿಬಂದೆ. ಹಬೆಯ ನಡುವೆ, ಯಂತ್ರಗಳ ಸದ್ದಿಗಿಂತ ಗಟ್ಟಿಯಾಗಿ, “ಕಾರ್ಡ್ ಒಗೆದದ್ದು ನಾನು, ಅವಳಲ್ಲ” ಎಂದೆ. ಮೇಸ್ತ್ರಿ ನನಗೊಂದು ಸ್ಟೂಲು ಎಳೆದುಕೊಟ್ಟು, “ನಮಗೆ ಅವತ್ತೇ ಗೊತ್ತು ಬಿಡಿ ಅಮ್ಮಾ” ಎಂದಳು. “ನಿಮ್ಮ ಕೈಯಲ್ಲಿ ಮೊಣಕೈವರೆಗೂ ಸೋಪಿನ ನೊರೆ. ಅವಳ ಕೈಯಲ್ಲಿ ಒದ್ದೆಯಾಗಿದ್ದು ಬೆರಳು ಮಾತ್ರ. ಬಟ್ಟೆ ಒಗೆದೇ ಬದುಕೋರಿಗೆ ಅಷ್ಟೂ ಕಾಣಲ್ವಾ?”

ಹಾಗಾದರೆ ಎರಡು ತಿಂಗಳು ಅವಳನ್ನು ಯಾಕೆ ಆಡಿಕೊಂಡಿರಿ ಎಂದು ಕೇಳಿದೆ. ಉದ್ದಕ್ಕ ಹೇಳಿದಳು: “ಅವಳು ನಿಮ್ಮನ್ನ ಬಿಟ್ಟುಕೊಡಬಾರದು ಅಂತ ಹೊರಟಳು. ನಾವು ರೇಗಿಸದೇ ಇದ್ದಿದ್ರೆ, ನಮಗೆ ಗೊತ್ತಾಗಿದೆ ಅಂತ ಅವಳಿಗೆ ಗೊತ್ತಾಗ್ತಿತ್ತು. ಆಮೇಲೆ ಅವಳು ಪಟ್ಟಿದ್ದೆಲ್ಲಾ ದಂಡ ತಾನೆ?”

ಇದನ್ನು ನಿನಗೆ ಹೇಳಬೇಡಿ ಎಂದು ಮೂವರೂ ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಆ ಮಾತನ್ನು ಮುರಿಯುತ್ತಿದ್ದೇನೆ. ನಿನ್ನ ತಪ್ಪಲ್ಲ ಎಂದು ಗೊತ್ತಿದ್ದೂ ಮೇಸ್ತ್ರಿ, ರೇಡಿಯೋ ಇಬ್ಬರೂ ಆ ಐವತ್ತಾರು ಕಿಲೋಮೀಟರ್ ನಿನ್ನ ಮುಂದೆ ಹಿಂದೆ ನಿಂತು ಗಾಳಿ ತಡೆದರು, ಒಂದು ಮಾತೂ ಕೇಳಲಿಲ್ಲ. ಅದು ನಿನಗೆ ತಿಳಿಯದೇ ಉಳಿಯಬಾರದು.

ಪಾಳಿಗೆ ಹೊರಡುವ ಮುನ್ನ ನನ್ನ ಕೋಣೆಗೆ ಬಂದು ಹೋಗು. ಬರೆದದ್ದನ್ನೇ ಬಾಯಿಬಿಟ್ಟು ಹೇಳುತ್ತೇನೆ, ತಡವರಿಸಿದರೆ ನಗಬೇಡ. ನಿನ್ನ ಕಾಲಿಗೆ ಬಲ ಇರಲಿ, ಅಂಥ ಮೂವರು ನಿನ್ನ ಜೊತೆಗೆ ಕೊನೆವರೆಗೂ ಇರಲಿ. ಈ ಮನೆಗೆ ನೀನು ಬಂದದ್ದು ನನ್ನ ಭಾಗ್ಯ.

ನಿನ್ನನ್ನು ಕಂಡು ತಲೆ ಎತ್ತಿ ನಡೆಯುವ,
ನಿನ್ನ ಅತ್ತೆ