ಸ್ವಂತ ವಾಕ್ಯ

೧೨ ನವೆಂಬರ್ ೨೦೨೪, ಮಂಗಳವಾರ. ಬೆಳ್ತಂಗಡಿ.

ವಿಸ್ಮಿತಾಳ ಒಂದು ವಾಕ್ಯ ಬೆಳಗ್ಗಿನಿಂದ ನನ್ನನ್ನು ಬಿಡುತ್ತಿಲ್ಲ.

ಏಳನೆಯ ತರಗತಿಗೆ 'ಆತ್ಮಸ್ಥೈರ್ಯ' ಎಂಬ ಪದ ಕೊಟ್ಟು, ಸ್ವಂತ ವಾಕ್ಯದಲ್ಲಿ ಬಳಸಲು ಹೇಳಿದ್ದೆ. ಉಳಿದವರೆಲ್ಲ ಸೈನಿಕರ ಬಗ್ಗೆ ಬರೆದಿದ್ದಾರೆ. ಇವಳು ಮಾತ್ರ, 'ಗಂಡ ತೀರಿಹೋದರೂ ನಮ್ಮ ಟೀಚರ್ ಅಳದೆ ಪಾಠ ಮಾಡುತ್ತಾರೆ, ಅವರಿಗೆ ಆತ್ಮಸ್ಥೈರ್ಯ ಉಂಟು' ಎಂದು ಬರೆದಿದ್ದಾಳೆ.

ಪಕ್ಕದಲ್ಲಿ ಕುಳಿತಿದ್ದ ಕುಶಾಲಪ್ಪ ಮಾಸ್ಟ್ರು ಅದನ್ನು ಓದಿ, "ಹುಡುಗಿ ಸರಿಯೇ ಬರೆದದ್ದು ಟೀಚರೇ. ನೀವು ಭಾರೀ ಗಟ್ಟಿ ಮಾರಾಯ್ರೆ" ಎಂದರು. ನಾನು ನಕ್ಕೆ. ಯಾಕೆ ನಕ್ಕೆನೋ.

ಇವರು ತೀರಿಕೊಂಡು, ಉತ್ತರಕ್ರಿಯೆಯ ಬೊಜ್ಜ ಮುಗಿದ ಮರುದಿನವೇ ಶಾಲೆಗೆ ಹೋದದ್ದು ಯಾವ ಸ್ಥೈರ್ಯದಿಂದಲೂ ಅಲ್ಲ. ಮನೆಯಲ್ಲಿದ್ದರೆ ಹತ್ತು ಗಂಟೆಗೆ ಕೈ ತನ್ನಷ್ಟಕ್ಕೆ ಎರಡು ಲೋಟ ಚಾ ಮಾಡುತ್ತದೆ. ಇವರ ಲೋಟದ್ದನ್ನು ಚೆಲ್ಲಲು ನನ್ನಿಂದ ಆಗುವುದಿಲ್ಲ. ಭಾನುವಾರದ್ದು ಇನ್ನೂ ಅಡುಗೆಕಟ್ಟೆಯ ಮೇಲೆಯೇ ಉಂಟು.

'ಉಂಟು' ನಮ್ಮ ಆಡುಮಾತು, ಪರೀಕ್ಷೆಯಲ್ಲಿ ನಡೆಯುವುದಿಲ್ಲ ಎಂದು ಮಕ್ಕಳಿಗೆ ದಿನವೂ ಹೇಳುತ್ತೇನೆ. ಅದೇ ಅಭ್ಯಾಸದಲ್ಲಿ ವಿಸ್ಮಿತಾಳ 'ಉಂಟು' ಹೊಡೆದುಹಾಕಿ, ಕೆಂಪು ಶಾಯಿಯಲ್ಲಿ 'ಇದೆ' ಎಂದು ತಿದ್ದಿದೆ. ಆ ವಾಕ್ಯದಲ್ಲಿ ತಪ್ಪಿದ್ದದ್ದು ಅದೊಂದೇ ಎನ್ನುವ ಹಾಗೆ.

ಪಕ್ಕದಲ್ಲಿ ರೈಟ್ ಕೂಡ ಹಾಕಿದ್ದೇನೆ.